ಅವರ ಬೇಸಿಗೆ, ನಮ್ಮ ಮಳೆಗಾಲ

(ಮುಂಬಯಿಯ ಮಾಟುಂಗಾದಲ್ಲಿ, ಕನ್ನಡ ಸಂಘದ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಅಮೆರಿಕದಲ್ಲಿ ಸಾಹಿತ್ಯ ಹೇಗೆ ಕಲಿಸುತ್ತಾರೆ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ನಿಲುಕುವುದಲ್ಲ. ನಾನು ನೋಡಿದ್ದು ಒಂದು ಬೆಟ್ಟ, ಐದು ಬೇಸಿಗೆ. ಒಂದೊಂದು ಬೇಸಿಗೆಗೆ ಆರು ವಾರ. ಎಲ್ಲ ಕೂಡಿಸಿದರೆ ಮೂವತ್ತು ವಾರ. ಅಷ್ಟರಲ್ಲಿ ಒಂದು ಎಂ.ಎ. ಆಯಿತು. ಅದರ ಬಗ್ಗೆ ಹೇಳುತ್ತೇನೆ, ಮಧ್ಯೆ ದಾರಿ ತಪ್ಪಿದರೆ ಎಚ್ಚರಿಸಿ.

ಅದೇ ಲೆಕ್ಕ ಮುಂಬಯಿಯ ಬಿ.ಕೆ.ಸಿ.ಯ ಅಮೆರಿಕನ್ ಕಾನ್ಸುಲೇಟಿನಲ್ಲಿ ವೀಸಾ ಕೊಡುವವರಿಗೂ ಒಗಟಾಗಿತ್ತು. ಕಿಟಕಿಯ ಆಚೆ ಇದ್ದ ಅಧಿಕಾರಿ ಕಾಗದವನ್ನು ಎರಡು ಸಲ ತಿರುವಿ ಹಾಕಿ, "ವರ್ಷಕ್ಕೆ ಆರು ವಾರ ಓದಿ ಐದು ವರ್ಷಕ್ಕೆ ಎಂ.ಎ.? ಉಳಿದ ನಲವತ್ತಾರು ವಾರ ಏನು ಮಾಡುತ್ತೀರಿ?" ಎಂದು ಕೇಳಿದರು. "ಪಾಠ ಮಾಡುತ್ತೇನೆ" ಅಂದೆ. ಅವರು ನಕ್ಕು ಪಾಸ್‌ಪೋರ್ಟ್ ಒಳಗೆ ಎಳೆದುಕೊಂಡರು. ಆ ಕಾರ್ಯಕ್ರಮದ ವಿವರಣಾ ಪುಸ್ತಕದಲ್ಲಿ ಪುಟಗಟ್ಟಲೆ ಬರೆದದ್ದೂ ಹೆಚ್ಚುಕಡಿಮೆ ಇಷ್ಟೇ: ಇದು ಪಾಠ ಮಾಡುವವರು ಓದಲು ಬರುವ ಜಾಗ.

ಜಾಗದ ಹೆಸರು ಬ್ರೆಡ್ ಲೋಫ್. ವರ್ಮಾಂಟ್ ರಾಜ್ಯದ ಗ್ರೀನ್ ಮೌಂಟನ್ಸ್ ಬೆಟ್ಟಸಾಲಿನಲ್ಲಿ, ರಿಪ್ಟನ್ ಎಂಬ ಪುಟ್ಟ ಊರಿನ ಬಳಿ ಇದೆ. ಅಲ್ಲಿನ ಒಂದು ಗುಡ್ಡ ದೂರದಿಂದ ನೋಡಿದರೆ ಬೇಕರಿಯ ಬ್ರೆಡ್ಡಿನ ಹಾಗೆ ಉಬ್ಬಿಕೊಂಡು ಕಾಣುತ್ತದೆ, ಅದಕ್ಕೆ ಆ ಹೆಸರು. ಜೋಸೆಫ್ ಬ್ಯಾಟೆಲ್ ಎಂಬ ಶ್ರೀಮಂತ ಅಲ್ಲಿ ಒಂದು ತಂಗುಮನೆ ಕಟ್ಟಿಸಿ, ಸುತ್ತಲಿನ ಕಾಡನ್ನು ಕೊಳ್ಳುತ್ತಾ ಹೋದ. ಆಸಾಮಿಗೆ ಮೋಟಾರು ಕಾರು ಕಂಡರೆ ಆಗುತ್ತಿರಲಿಲ್ಲ. ತನ್ನ ಮನೆಗೆ ಬರುವ ದಾರಿಯಲ್ಲಿ ಕಾರು ಓಡಬಾರದು ಎಂದು ಹಟ ಹಿಡಿದಿದ್ದ. ಅವನ ಕೈಯಲ್ಲಿ ಒಂದು ಪತ್ರಿಕೆಯೂ ಇತ್ತು, ಎಲ್ಲೆಲ್ಲಿ ಕಾರು ಅಪಘಾತವಾಯಿತೋ ಆ ಸುದ್ದಿಯನ್ನೆಲ್ಲ ಹುಡುಕಿ ಅದರಲ್ಲಿ ಹಾಕಿಸುತ್ತಿದ್ದ. ಕಾರು ಬಿಡದ ನಮ್ಮ ಮಾಥೇರಾನ್ ಗಿರಿಧಾಮಕ್ಕೆ ಬಂದಿದ್ದರೆ ಖುಷಿಪಡುತ್ತಿದ್ದನೇನೋ! 1915ರಲ್ಲಿ ಸಾಯುವಾಗ ಮನೆಯನ್ನೂ ಕಾಡನ್ನೂ ಮಿಡಲ್‌ಬರಿ ಕಾಲೇಜಿಗೆ ಬರೆದಿಟ್ಟ. ಬೆಟ್ಟದ ಮೇಲಿನ ಛತ್ರದಂಥ ಮನೆ ಇಟ್ಟುಕೊಂಡು ಕಾಲೇಜು ಏನು ಮಾಡಬೇಕು? 1920ರಲ್ಲಿ ಅಲ್ಲೊಂದು ಬೇಸಿಗೆ ಶಾಲೆ ತೆರೆಯಿತು. ಇಂಗ್ಲಿಷ್ ಪಾಠ ಮಾಡುವ ಮೇಷ್ಟ್ರುಗಳು ರಜೆಯಲ್ಲಿ ಬಂದು ಓದಲಿ ಎಂಬುದು ಯೋಚನೆ. ಶಾಲೆ ಇವತ್ತಿಗೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದೆ.

1926ರಿಂದ ಅದೇ ಬೆಟ್ಟದಲ್ಲಿ ಬರಹಗಾರರ ಸಮ್ಮೇಳನವೂ ನಡೆಯುತ್ತದೆ, ಆಗಸ್ಟ್ ತಿಂಗಳಲ್ಲಿ, ನಮ್ಮ ಕ್ಲಾಸುಗಳು ಮುಗಿದ ಮೇಲೆ. ಪೇಪರುಗಳಲ್ಲಿ ಬ್ರೆಡ್ ಲೋಫ್ ಎಂಬ ಹೆಸರು ಓದಿದ್ದರೆ ಅದು ಬಹುಶಃ ಆ ಸಮ್ಮೇಳನದ ಸುದ್ದಿ. ಹೆಸರಾಂತರು ಬರುವುದು ಅಲ್ಲಿಗೆ. ನಾವು ಹೋದದ್ದು ಅದಕ್ಕಲ್ಲ. ನಮ್ಮದು ಆರು ವಾರ, ಎರಡು ಕೋರ್ಸು, ಪರೀಕ್ಷೆ, ಪ್ರಬಂಧ, ಅಂಕ. ಹತ್ತು ಕೋರ್ಸು ಮುಗಿದರೆ ಎಂ.ಎ. ಸಾಹಿತ್ಯದ ಕೋರ್ಸುಗಳ ಜೊತೆಗೆ ಕಥೆ, ಕವಿತೆ ಬರೆಯುವ ಕೋರ್ಸುಗಳೂ ಉಂಟು, ಎರಡೂ ಒಂದೇ ಅಂಗಳದಲ್ಲಿ.

ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಬಗ್ಗೆ ಹೇಳದೆ ಬಿಟ್ಟರೆ ನೀವು ಕೇಳಿಯೇ ಕೇಳುತ್ತೀರಿ. 1921ರಲ್ಲಿ ಮೊದಲ ಸಲ ಬಂದವರು ಆಮೇಲೆ ಹೆಚ್ಚುಕಡಿಮೆ ಪ್ರತಿ ಬೇಸಿಗೆ ಬಂದರು, ಹತ್ತಿರದಲ್ಲೇ ತೋಟದ ಮನೆಯನ್ನೂ ಕೊಂಡರು. ಈಗ ಅಲ್ಲಿ ಅವರ ಹೆಸರಿನ ಒಂದು ಕಾಲುದಾರಿ ಇದೆ, ಅಲ್ಲಲ್ಲಿ ಫಲಕದ ಮೇಲೆ ಕವಿತೆ ಬರೆದು ನೆಟ್ಟಿದ್ದಾರೆ. ಮೊದಲ ವಾರ ಎಲ್ಲರೂ ಭಕ್ತಿಯಿಂದ ಹೋಗುತ್ತೇವೆ. ಎರಡನೇ ಕವಿತೆಯ ಹೊತ್ತಿಗೆ ಸೊಳ್ಳೆಯ ಬಾಯಿಗೆ ಸಿಕ್ಕು ಓಡಿ ಬರುತ್ತೇವೆ.

ಈಗ ಕ್ಯಾಲೆಂಡರಿನ ವಿಷಯ. ನಮ್ಮಲ್ಲಿ ಬೇಸಿಗೆ ರಜೆ ಅಂದರೆ ಮೇ ತಿಂಗಳು. ಜೂನ್ ಮಧ್ಯದಲ್ಲಿ ಶಾಲೆ ಶುರು. ಕೊಡೆ, ರೇನ್‌ಕೋಟು, ಹೊಸ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ. ಅವರ ಬೇಸಿಗೆ ಶುರುವಾಗುವುದು ಜೂನ್ ಕೊನೆಗೆ. ಎಸ್.ಎಸ್.ಸಿ., ಅಂದರೆ ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಒಮ್ಮೆ ಆರು ವಾರ ಸಂಬಳವಿಲ್ಲದ ರಜೆ ಕೇಳಿದೆ. "ಶಾಲೆ ಶುರುವಾಗುವಾಗ ಟೀಚರೇ ರಜೆ ಹಾಕಿದರೆ ಮಕ್ಕಳಿಗೆ ಏನು ಹೇಳೋಣ?" ಎಂದರು. ನ್ಯಾಯವೇ. ಆಮೇಲೆ ಐ.ಬಿ. ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗೆ ಸೇರಿದೆ. ಅಲ್ಲಿ ರಜೆ ಜೂನ್, ಜುಲೈ ತಿಂಗಳಲ್ಲಿ. ಸಂಬಳಕ್ಕಾಗಿ ಶಾಲೆ ಬದಲಿಸಿದಳು ಅಂತ ಸ್ಟಾಫ್‌ರೂಮಿನಲ್ಲಿ ಮಾತಾಯಿತು. ಅರ್ಧ ನಿಜ. ಇನ್ನರ್ಧ ಆ ಬೆಟ್ಟ.

ಹೀಗಾಗಿ ಪ್ರತಿ ವರ್ಷ ನಾನು ಹೊರಡುವುದು ಮಳೆಯಲ್ಲಿ. ಒಂದು ವರ್ಷ ಮಿಲನ್ ಸಬ್‌ವೇಯಲ್ಲಿ ನೀರು ನಿಂತು ಟ್ಯಾಕ್ಸಿಯವನು ಸುತ್ತಿ ಬಳಸಿ ವಿಮಾನ ನಿಲ್ದಾಣ ಮುಟ್ಟಿಸಿದ, ಸೂಟ್‌ಕೇಸಿನ ತಳ ಒದ್ದೆ. ಅಲ್ಲಿ ಇಳಿದರೆ ಬೇಸಿಗೆಯಂತೆ, ಆದರೆ ರಾತ್ರಿ ನಡುಗುವ ಚಳಿ. ಮೊದಲ ವರ್ಷ ಹತ್ತಿ ಸೀರೆ ತೆಗೆದುಕೊಂಡು ಹೋದ ಜಾಣೆ ನಾನು. ಪಕ್ಕದ ಕೋಣೆಯ ಹೆಂಗಸು ಮಾತಾಡದೆ ತನ್ನ ಸ್ವೆಟರ್ ತಂದು ಮಂಚದ ಮೇಲೆ ಇಟ್ಟು ಹೋದಳು, ಹೆಸರು ಹೇಳಿದ್ದೂ ಮರುದಿನ.

"ಈ ವಯಸ್ಸಲ್ಲಿ ಹಾಸ್ಟೆಲ್ಲಾ?" ಇದು ನಮ್ಮ ಅತ್ತೆಯವರ ಪ್ರಶ್ನೆ. ನನಗಾಗ ನಲವತ್ತರ ಹತ್ತಿರ. ಅಲ್ಲಿ ಹೋಗಿ ನೋಡಿದರೆ ಇಪ್ಪತ್ಮೂರರ ಹುಡುಗನೂ ಇದ್ದ, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರೂ ಇದ್ದರು. ಹೆಚ್ಚಿನವರು ಸರ್ಕಾರಿ ಹೈಸ್ಕೂಲುಗಳ ಟೀಚರುಗಳು. ಊಟದ ಹಾಲಿನಲ್ಲಿ ಕೂತರೆ ಕಿವಿಗೆ ಬೀಳುವುದು ಶೇಕ್ಸ್‌ಪಿಯರ್ ಅಲ್ಲ. ತರಗತಿಯಲ್ಲಿ ಎಷ್ಟು ಮಕ್ಕಳು, ಹೊಸ ಪ್ರಿನ್ಸಿಪಾಲ್ ಹೇಗೆ, ಪರೀಕ್ಷೆಯ ಪೇಪರ್ ತಿದ್ದುವಾಗ ಯಾವ ಪೆನ್ನು ಒಳ್ಳೆಯದು. ದಾದರ್ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಕೂತ ಹಾಗೇ ಅನಿಸಿತು ನನಗೆ. ಬೆಳಗ್ಗೆ ದೋಸೆಯ ತಮ್ಮನಂಥ ಪ್ಯಾನ್‌ಕೇಕ್ ಕೊಡುತ್ತಾರೆ, ಮೇಲೆ ಮೇಪಲ್ ಮರದ ಸಿರಪ್ ಸುರಿದುಕೊಳ್ಳುವುದು. ಬಾಯಿಗಿಟ್ಟರೆ ಜೋನಿಬೆಲ್ಲದ ದಾಯಾದಿ. ನೀರ್‌ದೋಸೆಗೆ ಹಾಕಿಕೊಂಡು ಬೆಳೆದವಳಿಗೆ ಊಟದ ಚಿಂತೆ ಅಲ್ಲಿಗೆ ಮುಗಿಯಿತು.

ಕ್ಲಾಸು ಹೇಗಿರುತ್ತದೆ? ಓದಬೇಕಾದ ಪುಸ್ತಕಗಳ ಪಟ್ಟಿ ವಸಂತಕ್ಕೇ ಬರುತ್ತದೆ, ಬಹುಪಾಲು ಓದಿಕೊಂಡೇ ಬೆಟ್ಟ ಹತ್ತಬೇಕು. ನಾನು ಎರಡು ಕಾದಂಬರಿಗಳನ್ನು ಪೂರ್ತಿ ಓದಿದ್ದು ವಿರಾರ್ ಗಾಡಿಯಲ್ಲಿ ನಿಂತುಕೊಂಡು. ಅಲ್ಲಿಗೆ ಹೋದ ಮೇಲೆ ಓದುವುದು ಎಂದರೆ ಎರಡನೇ ಸಲ ಓದುವುದು.

ಆ ಶಾಲೆಯ ಒಂದು ಪದ್ಧತಿ ನಿಮಗೆ ಹೇಳಲೇಬೇಕು. ವೃತ್ತಿಪರ ನಟನಟಿಯರ ಒಂದು ತಂಡವನ್ನು ಬೇಸಿಗೆ ಪೂರ್ತಿ ಕರೆಸಿಕೊಂಡಿರುತ್ತಾರೆ. ಸಂಜೆ ನಾಟಕ ಆಡುವವರು ಹಗಲು ತರಗತಿಗೆ ಬರುತ್ತಾರೆ, ನಾವು ಓದುತ್ತಿರುವ ಪಠ್ಯವನ್ನು ನಮ್ಮೆದುರೇ ಆಡಿ ತೋರಿಸುತ್ತಾರೆ. ಶೇಕ್ಸ್‌ಪಿಯರನ ಲಿಯರ್ ದೊರೆಯ ನಾಟಕದ ಮೊದಲ ದೃಶ್ಯ ನಿಮಗೆ ಗೊತ್ತು: ರಾಜ್ಯ ಹಂಚುವ ಮುದುಕ ಕಿರಿಯ ಮಗಳನ್ನು ಕೇಳುತ್ತಾನೆ, ನೀನೇನು ಹೇಳುತ್ತೀ ಅಂತ. ಅವಳು "ಏನೂ ಇಲ್ಲ" ಅನ್ನುತ್ತಾಳೆ. ಆ ನಟಿ ಆ ಮಾತನ್ನು ಒಮ್ಮೆ ಹಟದಿಂದ ಹೇಳಿದಳು, ಒಮ್ಮೆ ಹೆದರಿ ಹೇಳಿದಳು. ಮೂರನೇ ಸಲ ಅಪ್ಪನನ್ನು ನಗಿಸಲು ಹೇಳಿದ ಹಾಗೆ, ಮನೆಯೊಳಗಿನ ಹಳೆಯ ತಮಾಷೆಯೊಂದು ಸಭೆಯಲ್ಲಿ ತಪ್ಪಿ ಬಾಯಿಗೆ ಬಂದ ಹಾಗೆ. ಮೂರೂ ಸಲ ಮುದುಕ ಬೇರೆ ಬೇರೆ ಮುದುಕನಾದ.

ಅಮೆರಿಕನ್ನರು ಬೆರಗಾದರು. ನನಗೆ ಬೆರಗಿಗಿಂತ ಮನೆಯ ನೆನಪಾಯಿತು. ಜುಲೈ ತಿಂಗಳಲ್ಲಿ ಊರಿನ ಅರ್ಥಧಾರಿಗಳು ಮುಂಬಯಿಗೆ ಬರುತ್ತಾರಲ್ಲ, ಮಳೆಗಾಲದ ತಾಳಮದ್ದಳೆಗೆ? ವೇಷವಿಲ್ಲ, ಕುಣಿತವಿಲ್ಲ, ಕುರ್ಚಿಯಲ್ಲಿ ಕೂತು ಬರೀ ಮಾತು. ಅದೇ ವಾಲಿವಧೆಯ ಪದ್ಯ. ಒಬ್ಬ ಅರ್ಥಧಾರಿಯ ವಾಲಿ ರಾಮನನ್ನು ಬಾಯಿಮುಚ್ಚಿಸುತ್ತಾನೆ, ಮುಂದಿನ ವಾರ ಇನ್ನೊಬ್ಬರ ವಾಲಿ ಕೈಮುಗಿಯುತ್ತಾನೆ. ಪಠ್ಯ ಒಂದೇ, ಅರ್ಥ ಹೇಳುವವರದು. ನಾನು ಇದನ್ನು ತರಗತಿಯಲ್ಲಿ ಹೇಳಿದೆ. "ಎಷ್ಟು ಗಂಟೆ ನಡೆಯುತ್ತದೆ?" ಎಂದರು. "ಬೆಳಗಿನವರೆಗೂ ಕೂತದ್ದುಂಟು" ಅಂದೆ. ನಂಬಲಿಲ್ಲ ಅಂತ ಕಾಣುತ್ತದೆ. ಬೇಸರ ಏನು ಗೊತ್ತಾ? ಆ ಐದು ವರ್ಷ ಮುಂಬಯಿಯಲ್ಲಿ ನಡೆದ ಜುಲೈ ತಾಳಮದ್ದಳೆಗಳೆಲ್ಲ ನನಗೆ ತಪ್ಪಿಹೋದವು.

ಇನ್ನು ಕಥೆ ಬರೆಯುವ ಕೋರ್ಸು. ನಾನು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ.

ಎರಡನೇ ಬೇಸಿಗೆ. ಮೇಜಿನ ಸುತ್ತ ಹನ್ನೆರಡು ಜನ. ಕಥೆಯ ಪ್ರತಿಯನ್ನು ಎರಡು ದಿನ ಮೊದಲೇ ಎಲ್ಲರಿಗೂ ಕೊಡಬೇಕು, ಅವರು ಓದಿ ಅಂಚಿನಲ್ಲಿ ಟಿಪ್ಪಣಿ ಮಾಡಿಕೊಂಡು ಬರುತ್ತಾರೆ. ತರಗತಿಯಲ್ಲಿ ಅವರು ಮಾತಾಡುತ್ತಾರೆ, ಬರೆದವರು ಬಾಯಿ ತೆರೆಯುವ ಹಾಗಿಲ್ಲ. ವಿವರಣೆ ಇಲ್ಲ, ಸಮರ್ಥನೆ ಇಲ್ಲ. ಇದು ಆ ಶಾಲೆಯೊಂದರ ಕಾನೂನಲ್ಲ, ಅಮೆರಿಕದ ಬರವಣಿಗೆ ತರಗತಿಗಳಲ್ಲಿ ಬಹುಕಾಲದಿಂದ ಬಂದ ರೂಢಿ. 1936ರಲ್ಲಿ ಶುರುವಾದ ಅಯೋವಾ ವಿಶ್ವವಿದ್ಯಾಲಯದ ಕಾರ್ಯಾಗಾರ ಇದಕ್ಕೆಲ್ಲ ಹಿರಿಯಕ್ಕ. ಈ ಮೌನದ ನಿಯಮ ಸರಿಯೇ ಅಂತ ಈಗ ಅಲ್ಲೂ ಜಗಳವಿದೆ, ಕೆಲವು ಕಡೆ ಬಿಟ್ಟೂಬಿಟ್ಟಿದ್ದಾರೆ. ಜಗಳ ಯಾಕೆ ಅನ್ನುವುದು ನನ್ನ ಕಥೆ ಕೇಳಿದರೆ ತಿಳಿಯುತ್ತದೆ.

ಆರು ಪುಟದ ಕಥೆ, ಇಂಗ್ಲಿಷಿನಲ್ಲಿ ಬರೆದದ್ದು. ಕುಂದಾಪುರದ ಕಡೆಯ ಹದಿಮೂರರ ಹುಡುಗ ಬೊಂಬಾಯಿಗೆ ಬಂದು ಫೋರ್ಟ್ ಪ್ರದೇಶದ ಹೋಟೆಲಿಗೆ ಸೇರುತ್ತಾನೆ. ಹಗಲು ಮೇಜು ಒರೆಸುತ್ತಾನೆ, ರಾತ್ರಿ ಶಾಲೆಗೆ ಹೋಗುತ್ತಾನೆ, ಬಂದು ಅದೇ ಮೇಜಿನ ಮೇಲೆ ಮಲಗುತ್ತಾನೆ. ಯಾರ ಕಥೆ ಅಂತ ಹೇಳಬೇಕಾಗಿಲ್ಲ. ಇಲ್ಲಿ ಕೂತವರಲ್ಲಿ ಅರ್ಧ ಜನರ ಅಪ್ಪನದೋ ಮಾವನದೋ ಕಥೆ ಅದು. ನಮ್ಮ ಅಪ್ಪಯ್ಯನದಂತೂ ಹೌದು. 1962ರಲ್ಲಿ ಬಂದವರು.

ಮೊದಲು ಮಾತಾಡಿದವನು ಮಿಸಿಸಿಪ್ಪಿಯ ಹೈಸ್ಕೂಲು ಮೇಷ್ಟ್ರು. "ಈ ಹುಡುಗ ಅತಿಥಿಗಳ ಕೋಣೆಗೆ ಹೋಗುವುದೇ ಇಲ್ಲ, ಅದು ಕುತೂಹಲಕರ" ಎಂದ. ನನಗೆ ಅರ್ಥವಾಗಲಿಲ್ಲ. ಇನ್ನೊಬ್ಬಳು, "ಅವನು ಅಡುಗೆ ವಿಭಾಗಕ್ಕೆ ಸೇರಿದವನಿರಬೇಕು, ಸಾಮಾನು ಹೊರುವವರು ಬೇರೆ ಇರಬಹುದು" ಎಂದಳು. ಆಗ ತಲೆಗೆ ಹೊಡೆದ ಹಾಗಾಯಿತು. ಹೋಟೆಲು ಅಂದರೆ ಅವರಿಗೆ ತಂಗುವ ಜಾಗ! ಇಡ್ಲಿ ವಡೆ ಸಿಗುವ ಜಾಗಕ್ಕೆ ನಾವು ಮಾತ್ರ ಹೋಟೆಲು ಅನ್ನುವುದು. ನನ್ನ ಕಥೆಯನ್ನು ಅವರು ನೂರಾರು ಕೋಣೆಯ ತಾಜ್‌ಮಹಲ್ ಹೋಟೆಲಿನೊಳಗೆ ಇಟ್ಟು ಓದುತ್ತಿದ್ದಾರೆ. ಹೇಳೋಣವೆಂದರೆ ಬಾಯಿಗೆ ಬೀಗ.

ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಒಬ್ಬರಂತೂ ಹೊಗಳಿದರು: "ಅಷ್ಟೊಂದು ಹಾಸಿಗೆಗಳಿರುವ ಕಟ್ಟಡದಲ್ಲಿ ಮಗುವನ್ನು ಮೇಜಿನ ಮೇಲೆ ಮಲಗಿಸುತ್ತಾರೆ. ಮಾಲೀಕನ ಕ್ರೌರ್ಯವನ್ನು ಲೇಖಕಿ ಒಂದು ಮಾತೂ ಹೇಳದೆ ತೋರಿಸಿದ್ದಾರೆ." ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ಬರೆಯದ ಒಳ್ಳೆಯ ಕಥೆಗೆ ನನಗೆ ಸಿಕ್ಕ ಹೊಗಳಿಕೆ ಅದು. ಆ ಧಣಿ ಪಾಪ ತಾನೂ ಎರಡು ಮೇಜು ಜೋಡಿಸಿಕೊಂಡು ಮಲಗುತ್ತಿದ್ದವನು.

ಕೊನೆಗೆ ಅಲಾಸ್ಕದಿಂದ ಬಂದ ಒಬ್ಬಾಕೆ, ಯಾವುದೋ ಹಳ್ಳಿಯ ಶಾಲೆಯ ಟೀಚರ್, ಅಷ್ಟು ಹೊತ್ತೂ ಸುಮ್ಮನಿದ್ದವಳು ಹೇಳಿದಳು: "ಹೋಟೆಲು ಯಾವ ಥರದ್ದು ಅಂತ ನನಗೆ ತಿಳಿಯಲಿಲ್ಲ. ಆದರೆ ಈ ಹುಡುಗ ಆರು ಪುಟದಲ್ಲಿ ಹದಿನಾಲ್ಕು ಸಲ ಬೇರೆಯವರಿಗೆ ತಿಂಡಿ ಕೊಡುತ್ತಾನೆ. ತಾನು ಒಮ್ಮೆಯೂ ಏನೂ ತಿನ್ನುವುದಿಲ್ಲ. ಅವನಿಗೆ ಹಸಿವಾಗುವುದಿಲ್ಲವೇ?" ತನ್ನ ಪ್ರತಿಯನ್ನು ನನ್ನತ್ತ ತಿರುಗಿಸಿದಳು. ಇಡ್ಲಿ, ಉಪ್ಪಿಟ್ಟು, ಕಾಫಿ, ಎಲ್ಲದರ ಕೆಳಗೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಎಣಿಕೆ.

ಆ ಸಂಜೆ ಮನೆಗೆ ಫೋನು ಮಾಡಿದೆ. ಅಲ್ಲಿ ರಾತ್ರಿ ಎಂಟು ಗಂಟೆಯಾದರೆ ಇಲ್ಲಿ ಬೆಳಗಿನ ಐದೂವರೆ. ಅಪ್ಪಯ್ಯನ ನಿದ್ದೆ ಕೆಡಿಸಿದ ಹಾಗಲ್ಲ, ಹೋಟೆಲಿನ ಅಭ್ಯಾಸ, ನಾಲ್ಕೂವರೆಗೆ ಎದ್ದು ಕೂತಿರುತ್ತಾರೆ. ಬೆಟ್ಟದ ಮೇಲೆ ಮೊಬೈಲು ಸಿಗ್ನಲ್ ಸಿಗುವುದು ಕಷ್ಟ, ವೈಫೈ ಹಿಡಿಯುವ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತು ಕೇಳಿದೆ.

"ಅಪ್ಪಯ್ಯ, ಹೋಟೆಲಲ್ಲಿ ಇದ್ದಾಗ ನೀವು ಏನು ಊಟ ಮಾಡ್ತಿದ್ರಿ?"

"ಎಂತ ಮಗಾ, ಇದನ್ನ ಕೇಳೂಕೆ ಅಮೆರಿಕದಿಂದ ಫೋನಾ?"

ಆಮೇಲೆ ಹೇಳಿದರು. ಬೆಳಗಿನ ಗಿರಾಕಿಗಳು ಕರಗಿದ ಮೇಲೆ ಹನ್ನೊಂದು ಗಂಟೆಗೆ ಹುಡುಗರಿಗೆ ಊಟ. ಅನ್ನ, ಸಾರು, ಉಳಿದ ಇಡ್ಲಿ ಇದ್ದರೆ ಅದು. ಶಾಲೆ ಇದ್ದ ದಿನ ವಾಪಸು ಬರುವಾಗ ಹತ್ತು ಗಂಟೆ ದಾಟುತ್ತಿತ್ತು, ಒಲೆ ಆರಿರುತ್ತಿತ್ತು. ಅಡುಗೆಯ ಭಟ್ರು ಒಂದು ತಟ್ಟೆಗೆ ಬಡಿಸಿ, ಮೇಲೆ ಇನ್ನೊಂದು ತಟ್ಟೆ ಕವುಚಿ, ಅದರ ಮೇಲೆ ತಕ್ಕಡಿಯ ಅರ್ಧ ಕಿಲೋ ತೂಕದ ಕಲ್ಲು ಇಟ್ಟು ಹೋಗುತ್ತಿದ್ದರಂತೆ. ಇಲಿ ಕಾಟಕ್ಕೆ.

"ಒಂದಿನ ಬಂದು ಕಾಂತೆ, ಕಲ್ಲು ಉಂಟು, ತಟ್ಟೆ ಉಂಟು, ಒಳಗೆ ಎಂತ ಇಲ್ಲೆ."

"ಯಾರು ತಿಂದಿದ್ದು?"

"ಗೊತ್ತಿತ್ತು."

"ಕೇಳಲಿಲ್ವಾ?"

"ಎಂತ ಕೇಳುದು? ನಂಗೆ ಬೀಜಗಣಿತ ಹೇಳಿಕೊಡ್ತಿದ್ದದ್ದೇ ಅವ."

ಆಚೆ ಚಹಾ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ನಾನು ನಲವತ್ತು ವರ್ಷ ಅದೇ ಮನೆಯಲ್ಲಿ ಅವರೊಂದಿಗೆ ಉಂಡವಳು. ಅವರ ರಾತ್ರಿ ಶಾಲೆಯ ಕಥೆಯನ್ನು ಎಷ್ಟೋ ಸಲ ಹೆಮ್ಮೆಯಿಂದ ಬೇರೆಯವರಿಗೆ ಹೇಳಿದವಳು. ಅರ್ಧ ಕಿಲೋ ಕಲ್ಲಿನ ವಿಷಯ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಕೇಳಿರಲಿಲ್ಲ ಕೂಡ. ಅಲಾಸ್ಕದ ಆ ಹೆಂಗಸು ಪೆನ್ಸಿಲ್ ಹಿಡಿದು ಎಣಿಸದಿದ್ದರೆ ಕೇಳುತ್ತಲೂ ಇರಲಿಲ್ಲ.

ತಿದ್ದಿ ಬರೆದ ಕಥೆಯಲ್ಲಿ ಹೋಟೆಲು ಎಂಬ ಪದ ಹಾಗೇ ಇದೆ. ಕೆಳಗೆ ಟಿಪ್ಪಣಿ ಹಾಕಲಿಲ್ಲ. ಮೊದಲ ವಾಕ್ಯದಲ್ಲೇ ಹುಡುಗನ ಕೈಯಲ್ಲಿ ಒದ್ದೆ ಬಟ್ಟೆ, ಮೇಜಿನ ಮೇಲೆ ಚಟ್ನಿ. ತಂಗುವ ಜಾಗವೆಂದು ಇನ್ನು ಯಾರೂ ತಪ್ಪು ತಿಳಿಯಲಾರರು. ತಟ್ಟೆ ಮೂರನೇ ಪುಟದಲ್ಲಿ ಬರುತ್ತದೆ.

ಬರವಣಿಗೆ ಕಲಿಸಿ ಬರುತ್ತದೆಯೇ ಅಂತ ನಮ್ಮಲ್ಲಿ ಹಳೆಯ ಚರ್ಚೆ. ಮುಂಬಯಿಯ ಕನ್ನಡಿಗರಿಗೆ ಈ ಅನುಮಾನ ಇನ್ನೂ ಜಾಸ್ತಿ. ಯಾಕೆಂದರೆ ನಮ್ಮ ಊರಿನ ದೊಡ್ಡವರಲ್ಲಿ ಹಲವರು ಸಾಹಿತ್ಯದ ಡಿಗ್ರಿ ಹಿಡಿದು ಬರೆದವರಲ್ಲ. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರು. ಜಯಂತ ಕಾಯ್ಕಿಣಿ ಜೀವರಸಾಯನ ಓದಿ ಔಷಧ ಕಂಪನಿಯಲ್ಲಿ ಕೆಲಸ ಮಾಡಿದವರು. ಹಗಲು ದುಡಿದು ರಾತ್ರಿ ಬರೆದದ್ದು. ಇವರಿಗೆ ಯಾವ ಬೆಟ್ಟ ಬೇಕಿತ್ತು ಎಂದು ನೀವು ಕೇಳಬಹುದು. ನಿಜ, ಬೇಕಿರಲಿಲ್ಲ. ಚಿತ್ತಾಲರಂಥವರಿಗೆ ಬೇಕಿರಲಿಲ್ಲ ಎಂದರೆ ನನ್ನಂಥವರಿಗೂ ಬೇಡ ಅಂತ ಹೇಳುವುದು ಮಾತ್ರ ಸ್ವಲ್ಪ ಅನ್ಯಾಯ. ಮತ್ತೆ, ಆ ತಲೆಮಾರಿನವರಿಗೆ ಬರೆದದ್ದನ್ನು ಕೂತು ಓದಿ ಮುಖಕ್ಕೆ ಹೇಳುವ ಗೆಳೆಯರಿದ್ದರು. ನಾವು ಈಗ ಕಥೆಯನ್ನು ವಾಟ್ಸ್ಆಪ್ ಗುಂಪಿಗೆ ಹಾಕುತ್ತೇವೆ, ಎರಡು ನಿಮಿಷದಲ್ಲಿ ಇಪ್ಪತ್ತು ಕೈಮುಗಿದ ಚಿತ್ರ ಬರುತ್ತವೆ. ಆರು ಪುಟ ಎರಡು ನಿಮಿಷದಲ್ಲಿ ಯಾರು ಓದಿದರು?

ಕನ್ನಡದಲ್ಲಿ ಕಾರ್ಯಾಗಾರಕ್ಕೆ ಒಂದು ಚೆಂದದ ಪದ ಇದೆ, ಕಮ್ಮಟ. ಕಮ್ಮಟ ಅಂದರೆ ಟಂಕಸಾಲೆ, ನಾಣ್ಯ ಅಚ್ಚುಹಾಕುವ ಜಾಗ. ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನ ಎದುರು ಇದೆಯಲ್ಲ, ಅದು. ಅಪ್ಪಯ್ಯನ ಹೋಟೆಲು ಅಲ್ಲಿಂದ ನಡೆದು ಹೋಗುವ ದೂರ, ಅಲ್ಲಿನ ಕೆಲಸಗಾರರು ಗಿರಾಕಿಗಳು. ಪದ ಚೆಂದವಾಗಿದೆ, ನಾನು ಹೋದ ಕೆಲವು ಕಥಾ ಕಮ್ಮಟಗಳಲ್ಲಿ ಲೋಹ ಕಾಯಿಸಿದ್ದು ಮಾತ್ರ ಕಾಣಲಿಲ್ಲ. ಹಿರಿಯರೊಬ್ಬರು ಬಂದು ಒಂದೂವರೆ ಗಂಟೆ ಭಾಷಣ ಮಾಡುತ್ತಾರೆ. ಊಟ ಚೆನ್ನಾಗಿರುತ್ತದೆ. ಸಂಜೆ ಪ್ರಮಾಣಪತ್ರ, ಗುಂಪು ಫೋಟೋ. ಬಂದವರ ಕಥೆಗಳು ಅವರವರ ಚೀಲದಲ್ಲೇ ಉಳಿದು ವಾಪಸು ಹೋಗುತ್ತವೆ. ಎಲ್ಲ ಕಡೆಯೂ ಹೀಗೆ ಅನ್ನುವುದಿಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್ ಇದೆ, ಅದರ ಸಂಸ್ಕೃತಿ ಶಿಬಿರಕ್ಕೆ ಇಲ್ಲಿಂದಲೂ ಹೋಗಿಬಂದವರು ಇದ್ದೀರಿ. ಹಗಲು ಚರ್ಚೆ, ಸಂಜೆ ನಾಟಕ, ರಾತ್ರಿ ಊಟದ ಸಾಲಿನಲ್ಲೂ ಜಗಳ. ವರ್ಮಾಂಟಿನಲ್ಲಿ ಎರಡನೇ ದಿನವೇ ನನಗೆ ಅಡಿಕೆ ತೋಟದ ನಡುವಿನ ಆ ಊರು ನೆನಪಾಗಿತ್ತು. ಅಲ್ಲಿ ಡಿಗ್ರಿ ಕೊಡುವುದಿಲ್ಲ, ಹಾಗಾಗಿ ಸಾಲ ಮಾಡಬೇಕಾಗಿಯೂ ಇಲ್ಲ.

ಸಾಲದ ಮಾತು ಬಂತಲ್ಲ. ದುಡ್ಡಿನ ವಿಷಯ ಮುಚ್ಚಿಟ್ಟು ಮಾತಾಡಿದರೆ ನಿಮಗೆ ಮೋಸ ಮಾಡಿದ ಹಾಗೆ. ಇದು ದುಬಾರಿ ಓದು. ಶುಲ್ಕ, ಊಟ, ವಸತಿ, ವಿಮಾನ, ಎಲ್ಲ ಡಾಲರಿನಲ್ಲಿ. ಅಗತ್ಯ ನೋಡಿ ಶಾಲೆ ನೆರವು ಕೊಡುತ್ತದೆ, ನನಗೂ ಸಿಕ್ಕಿತು. ಉಳಿದದ್ದಕ್ಕೆ ನಮ್ಮವರದೇ ಕ್ರೆಡಿಟ್ ಸೊಸೈಟಿಯಲ್ಲಿ ಸಾಲ. ಐದು ಬೇಸಿಗೆಯ ಓದಿಗೆ ತೆಗೆದ ಸಾಲ ತೀರಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಜಾಮೀನು ಹಾಕಿದವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅವರ ಮುಖ ನೋಡಿದರೆ ಈಗ ನಿರಾಳವಾಗಿದ್ದಾರೆ.

ಇಂಥ ಕಾರ್ಯಕ್ರಮಗಳು ಗಟ್ಟಿ ಅಂತಲೂ ತಿಳಿಯಬೇಡಿ. ವರ್ಷಕ್ಕೆ ಎರಡು ಸಲ ಕೆಲವೇ ದಿನ ಬಂದು ಹೋಗಿ, ಉಳಿದದ್ದನ್ನು ಅಂಚೆಯಲ್ಲಿ ಓದುವ ಬರವಣಿಗೆ ಡಿಗ್ರಿಯನ್ನು ಅಮೆರಿಕದಲ್ಲಿ ಮೊದಲು ಶುರು ಮಾಡಿದ್ದು ಅದೇ ವರ್ಮಾಂಟಿನ ಗೊಡಾರ್ಡ್ ಕಾಲೇಜು, 1976ರಲ್ಲಿ. ಇವತ್ತು ಆ ಮಾದರಿ ಎಷ್ಟೋ ಕಡೆ ಇದೆ. ಆ ಕಾಲೇಜು ಮಾತ್ರ 2024ರಲ್ಲಿ ಬಾಗಿಲು ಹಾಕಿತು.

ಇನ್ನೊಂದು ಕಷ್ಟ ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ಆಗಸ್ಟಿನಲ್ಲಿ ವಾಪಸು ಬಂದು ಇಳಿದ ಮೂರನೇ ದಿನ ಶಾಲೆಯ ಗೇಟು. ಅಲ್ಲಿ ಆರು ವಾರ ಒಂದು ಪದಕ್ಕಾಗಿ ಅರ್ಧ ಗಂಟೆ ವಾದ ಮಾಡಿದವಳು ಇಲ್ಲಿ ಬಂದು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಾಳೆ. ಟಿಪ್ಪಣಿ ಪುಸ್ತಕ ಕಪಾಟಿನ ಮೇಲೆ ಹೋದರೆ ದೀಪಾವಳಿಗೆ ಧೂಳು ಹೊಡೆಯುವಾಗಲೇ ಕೆಳಗಿಳಿಯುವುದು. ಮೊದಲ ವರ್ಷ ನನಗೆ ಯಾರ ಮೇಲೋ ಸಿಟ್ಟು, ಯಾರ ಮೇಲೆ ಅಂತ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ಎಚ್ಚರಿಕೆಯಿಂದ ಓಡಾಡುತ್ತಿದ್ದರು. ಅಪ್ಪಯ್ಯ ಒಬ್ಬರೇ ಅಂದದ್ದು: "ಪರೀಕ್ಷೆ ಮುಗಿದ ಮರುದಿನ ನಾನೂ ಹೀಂಗೇ ಇದ್ದೆ. ಶಾಲೆ ಮುಗೀತು, ಮೇಜು ಮಾತ್ರ ಅಲ್ಲೇ ಉಂಟು."

ಆಗ ನನಗೆ ಹೊಳೆಯಿತು, ಈ ಬೇಸಿಗೆ ಎಂ.ಎ. ನಮ್ಮ ಮನೆಗೆ ಹೊಸದೇನಲ್ಲ ಅಂತ. ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಸಂಜೆ ಬೆಂಚಿನ ಮೇಲೆ ಕೂತವರೆಲ್ಲ ಹಗಲು ಎಲ್ಲೋ ದುಡಿದವರು. ಹೋಟೆಲಿನ ಮಾಣಿ, ಕ್ಯಾಂಟೀನಿನ ಹುಡುಗ, ಆಫೀಸಿನ ಪ್ಯೂನು. ಪಾಠ ಹೇಳುವ ಮೇಷ್ಟ್ರುಗಳಲ್ಲೂ ಎಷ್ಟೋ ಜನ ಹಗಲು ಬೇರೆ ಕೆಲಸ ಮುಗಿಸಿ ಬಂದವರು. ಅವರಿಗೆ ಸಿಕ್ಕಿದ್ದು ದಿನಕ್ಕೆ ಮೂರು ಗಂಟೆ, ನನಗೆ ಸಿಕ್ಕಿದ್ದು ವರ್ಷಕ್ಕೆ ಆರು ವಾರ. ಅಪ್ಪಯ್ಯ ಮೆಟ್ರಿಕ್ ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು ಅಂತ ಯಾರಾದರೂ ಕೇಳಿದರೆ, "ಎಂಟು, ನಡುವೆ ಎರಡು ಸಲ ಕಾಮಾಲೆ" ಎನ್ನುತ್ತಾರೆ. ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತರಾದರು.

ಅರ್ಜಿ ಹಾಕುವವರು ಇದ್ದರೆ ಎರಡು ಮಾತು. ಚಳಿಗಾಲದಲ್ಲೇ ಶುರು ಮಾಡಿ, ವೀಸಾ ಕೊನೆಗೆ ಇಟ್ಟುಕೊಳ್ಳಬೇಡಿ. ನೆರವಿನ ಅರ್ಜಿಯನ್ನು ನಾಚಿಕೆಯಿಲ್ಲದೆ ತುಂಬಿ. ಸ್ವೆಟರ್ ಮರೆಯಬೇಡಿ.

ಹಾಕದವರಿಗೆ ಇನ್ನೊಂದು ಮಾತಿದೆ, ಇದನ್ನು ಸಂಘದವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಮೇಲಿನ ಮಹಡಿಯ ಗ್ರಂಥಾಲಯ ಮೇ ತಿಂಗಳ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆ. ಫ್ಯಾನು ಎರಡಿವೆ, ಒಂದು ತಿರುಗುತ್ತದೆ. ಹತ್ತು ಜನ ಸಾಕು. ವಾರಕ್ಕೆ ಇಬ್ಬರ ಕಥೆ, ಆರು ಪುಟ ಮೀರಬಾರದು, ಗುರುವಾರದೊಳಗೆ ಎಲ್ಲರ ಕೈಗೆ ಕಾಗದದ ಪ್ರತಿ ತಲುಪಬೇಕು, ಮೊಬೈಲಿನಲ್ಲಿ ಅಲ್ಲ. ಓದಿ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬರಬೇಕು. ಬರೆದವರು ಮೊದಲ ಅರ್ಧ ಗಂಟೆ ಮಾತಾಡುವಂತಿಲ್ಲ. ಆಮೇಲೆ ಹೋಟೆಲು ಅಂದರೆ ಏನು ಅಂತ ವಿವರಿಸಲು ಹತ್ತು ನಿಮಿಷ ಕೊಡೋಣ, ನಾನು ಪಟ್ಟ ಪಾಡು ಬೇರೆಯವರಿಗೆ ಬೇಡ. ಭಾಷಣ ಇಲ್ಲ, ಪ್ರಮಾಣಪತ್ರ ಇಲ್ಲ. ಚಹಾ ಸಂಘದ್ದು, ಝೆರಾಕ್ಸ್ ಖರ್ಚು ನಿಮ್ಮದು. ಹೆಸರು ಬರೆಸುವವರಿಗೆ ಹೊರಗೆ ಬಾಗಿಲ ಬಳಿ ಒಂದು ನೋಟುಬುಕ್ಕು ಇಟ್ಟಿದ್ದಾರೆ. ಮೊದಲ ಹೆಸರು ಆಗಲೇ ಬಿದ್ದಿದೆ, ಅಪ್ಪಯ್ಯನದು. ಕಥೆ ಬರೆಯುವುದಿಲ್ಲವಂತೆ, ಎಣಿಸಲು ಬರುತ್ತಾರಂತೆ.